ಬೈಲಿನಿಂದ ಊರಿಗೆ: ಕಾಸರಗೋಡಿನ ಕೃಷಿಗ್ರಾಮವೊಂದರ ಚರಿತ್ರೆಯನ್ನು ಬರೆಯುವ ಕ್ರಮ

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಊರಿನ ಚರಿತ್ರೆ ಎಂಬ ಹೆಸರಿನಲ್ಲಿ ಸಿಗುವ ಬರಹಗಳು ಹೆಚ್ಚಾಗಿ ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಅಥವಾ ಶಾಲೆಯ ಶತಮಾನೋತ್ಸವದ ಪುಸ್ತಕಗಳಲ್ಲಿ ಅಚ್ಚಾದವು. ಅವುಗಳ ನಡೆ ಬಹುಮಟ್ಟಿಗೆ ಒಂದೇ: ಆಳುಪರು, ವಿಜಯನಗರ, ಕುಂಬಳೆಯ ಅರಸರು, ಇಕ್ಕೇರಿಯ ನಾಯಕರು, ಟಿಪ್ಪು, 1799ರ ನಂತರದ ಕುಂಪಣಿ ಸರಕಾರ ಎಂದು ನಾಲ್ಕು ಪುಟ ಸಾಗಿ, ಅಲ್ಲಿಂದ ನೇರವಾಗಿ ಜೀರ್ಣೋದ್ಧಾರ ಸಮಿತಿಯ ಪದಾಧಿಕಾರಿಗಳ ಭಾವಚಿತ್ರಗಳಿಗೆ ಬಂದುಬಿಡುತ್ತವೆ. ನಡುವಿನ ಇನ್ನೂರು ವರ್ಷ ಆ ಊರಿನ ಗದ್ದೆಯನ್ನು ಉತ್ತವರು ಯಾರು, ಗೇಣಿ ಯಾರಿಗೆ ಸಲ್ಲುತ್ತಿತ್ತು, ಗದ್ದೆ ಯಾವಾಗ ತೋಟವಾಯಿತು, ತೋಟಕ್ಕೆ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಕೃಷಿಯನ್ನೇ ನಂಬಿ ಬದುಕಿದ ಊರಿನ ಚರಿತ್ರೆಯನ್ನು ಅರಸರಿಂದಲ್ಲ, ಜಮೀನಿನಿಂದ ಆರಂಭಿಸಬೇಕು. ಜಮೀನಿನ ಕಾಗದದಲ್ಲಿ ಹೆಸರಿಲ್ಲದವರನ್ನು ಬೇರೆ ದಾರಿಯಿಂದ ಹುಡುಕಿ ತಂದು ಅದರೊಳಗೆ ಕೂರಿಸಬೇಕು. ಈ ಕೆಲಸವನ್ನು ಕೈಗೊಳ್ಳುವವರಿಗೆ ಉಪಯೋಗವಾಗಬಹುದಾದ ಕ್ರಮವೊಂದನ್ನು ಮುಂದೆ ವಿವರಿಸಿದ್ದೇನೆ.

ಎಲ್ಲೆಯನ್ನು ಗೊತ್ತುಮಾಡುವುದು

ಮೊದಲು ನಿರ್ಧರಿಸಬೇಕಾದದ್ದು ಬರಹದ ಎಲ್ಲೆ. ನಮ್ಮಲ್ಲಿ ಒಂದೇ ಮನೆ ಹಲವು ಎಲ್ಲೆಗಳೊಳಗೆ ಇರುತ್ತದೆ: ಕಂದಾಯದ ಲೆಕ್ಕದಲ್ಲಿ ಒಂದು ಗ್ರಾಮ, ಪಂಚಾಯತಿನ ಲೆಕ್ಕದಲ್ಲಿ ಒಂದು ವಾರ್ಡು, ದೇವಸ್ಥಾನದ ಲೆಕ್ಕದಲ್ಲಿ ಒಂದು ಸೀಮೆ, ದೈವದ ಲೆಕ್ಕದಲ್ಲಿ ಮತ್ತೊಂದು ಗಡಿ, ಇಗರ್ಜಿಗೆ ಅಥವಾ ಮಸೀದಿಗೆ ಸೇರಿದ ಮನೆಗಳಿಗೆ ಇನ್ನೊಂದು. ಇಡೀ ಪಂಚಾಯತಿನ ಚರಿತ್ರೆಯನ್ನು ಒಮ್ಮೆಗೇ ಬರೆಯಹೊರಟ ಸಮಿತಿಗಳು ಸಾಮಾನ್ಯವಾಗಿ ಸಂಘಸಂಸ್ಥೆಗಳ ಪಟ್ಟಿಯಲ್ಲೇ ನಿಂತುಬಿಡುತ್ತವೆ. ಆದುದರಿಂದ ಒಂದು ಬೈಲನ್ನು, ಅಂದರೆ ಒಂದೇ ತೋಡಿನ ನೀರನ್ನು ಹಂಚಿಕೊಂಡು ಬದುಕಿದ ಗದ್ದೆ, ತೋಟ, ಮನೆಗಳ ಗುಂಪನ್ನು, ಆರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕಾಗದಪತ್ರಗಳನ್ನು ಹುಡುಕುವಾಗ ಮಾತ್ರ ಕಂದಾಯ ಗ್ರಾಮದ ಹೆಸರು ಮತ್ತು ಸರ್ವೆ ನಂಬ್ರಗಳು ಬೇಕು. ಅವನ್ನು ನೋಟುಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಬೇಕು. ಮರುಸರ್ವೆಯ ನಂತರ ನಂಬ್ರಗಳು ಬದಲಾಗಿರುವುದರಿಂದ ಹಳೆಯ ನಂಬ್ರ, ಹೊಸ ನಂಬ್ರ ಎರಡನ್ನೂ ಎದುರುಬದುರಾಗಿ ಬರೆಯದಿದ್ದರೆ ಅಜ್ಜನ ಕಾಲದ ಕಾಗದವನ್ನು ಇಂದಿನ ಜಾಗದೊಂದಿಗೆ ಹೊಂದಿಸಲು ಸಾಧ್ಯವಾಗದು.

ನಡೆದು ನೋಡುವುದು

ಕಚೇರಿಗೆ ಹೋಗುವ ಮೊದಲು ಬೈಲನ್ನು ನಡೆದು ನೋಡಬೇಕು. ಬೈಲಿನ ಒಬ್ಬ ಹಿರಿಯರೊಂದಿಗೆ ತೋಡಿನ ಕೆಳತುದಿಯಿಂದ ಮೇಲಕ್ಕೆ ಸಾಗುತ್ತ ಪ್ರತಿಯೊಂದು ಗದ್ದೆಯ ಹೆಸರನ್ನು ಕೇಳಿ ನಕ್ಷೆಯಲ್ಲಿ ಗುರುತಿಸಬೇಕು. ಇಂದು ಅಡಿಕೆಯೋ ರಬ್ಬರೋ ನಿಂತಿರುವ ಜಾಗಕ್ಕೂ ಗದ್ದೆಯಾಗಿದ್ದ ಕಾಲದ ಹೆಸರು ಉಳಿದಿರುತ್ತದೆ. ಅದು ಬೈಲು ಗದ್ದೆಯೇ, ಮಜಲೇ, ಬೆಟ್ಟುಗದ್ದೆಯೇ ಎಂಬುದನ್ನು ತಪ್ಪದೆ ಬರೆದುಕೊಳ್ಳಬೇಕು. ತಗ್ಗಿನ ಬೈಲುಗದ್ದೆಯಲ್ಲಿ ನೀರಿನ ಅನುಕೂಲವಿದ್ದರೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಬರುತ್ತಿತ್ತು, ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದೇ. ಹೀಗಾಗಿ ಯಾವ ಮನೆಯವರ ಕೈಯಲ್ಲಿ ಯಾವ ತರದ ಗದ್ದೆಯಿತ್ತು ಎಂಬುದೊಂದು ತಿಳಿದರೆ ಊರೊಳಗಿನ ಬಡತನ ಮತ್ತು ಅನುಕೂಲಸ್ಥಿತಿಯ ಅರ್ಧ ಚರಿತ್ರೆ ತಿಳಿದಂತೆ.

ನಂತರ ನೀರು. ಎಣ್ಮಕಜೆ, ಪಡ್ರೆ, ಬಾಯಾರು ಕಡೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರನ್ನು ಹೊರಗೆ ಹರಿಸುವ ಸುರಂಗಗಳು ನಮ್ಮ ಪ್ರದೇಶದ ಹೆಚ್ಚಿನ ತೋಟಗಳಿಗೆ ಆಧಾರವಾಗಿದ್ದವು, ಹಲವು ಮನೆಗಳಿಗೆ ಇಂದಿಗೂ ಆಧಾರವಾಗಿವೆ. ಪ್ರತಿಯೊಂದು ಸುರಂಗದ ಬಗ್ಗೆ ನಾಲ್ಕು ಸಂಗತಿಗಳನ್ನು ಕೇಳಬೇಕು: ಕೊರೆಸಿದವರು ಯಾರು, ಕೊರೆದವರು ಯಾರು, ಎಷ್ಟು ಕೋಲು ಉದ್ದ, ನೀರು ಯಾವ ತಿಂಗಳವರೆಗೆ ಬರುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗುವುದಿಲ್ಲ. ಕೊರೆಸಿದ ಯಜಮಾನರ ಹೆಸರು ಮೊಮ್ಮಕ್ಕಳಿಗೂ ಗೊತ್ತಿರುತ್ತದೆ, ಒಳಗೆ ಮೇಣದಬತ್ತಿಯೋ ಎಣ್ಣೆದೀಪವೋ ಹಿಡಿದು ಮಣ್ಣು ಹೊರಹಾಕಿದವರ ಹೆಸರನ್ನು ಅವರ ಮನೆಗೇ ಹೋಗಿ ಕೇಳಬೇಕು. ಕೋಲಿನ ಉದ್ದ ಊರಿಂದೂರಿಗೆ ಸ್ವಲ್ಪ ಬೇರೆಯಾಗಬಹುದಾದ್ದರಿಂದ ಹೇಳಿದವರ ಕೋಲು ಎಷ್ಟು ಅಡಿಯದೆಂದು ಅಲ್ಲಿಯೇ ಕೇಳಿಕೊಳ್ಳುವುದು ಕ್ಷೇಮ. ತೋಡಿಗೆ ಅಡ್ಡಲಾಗಿ ಹಾಕುತ್ತಿದ್ದ ಕಟ್ಟ (ತಾತ್ಕಾಲಿಕ ಒಡ್ಡು), ಮಳೆನೀರು ನಿಲ್ಲುವ ಗುಡ್ಡದ ಮೇಲಿನ ಮದಕ, ಪಳ್ಳ ಇವುಗಳ ವಿಷಯದಲ್ಲಿ ಇನ್ನೊಂದು ಪ್ರಶ್ನೆಯೂ ಸೇರುತ್ತದೆ. ಮಳೆಗಾಲ ಮುಗಿದೊಡನೆ ಕಟ್ಟ ಹಾಕುವ ಕೆಲಸಕ್ಕೆ ಯಾವ ಮನೆಯಿಂದ ಎಷ್ಟು ಆಳು ಬರಬೇಕೆಂಬ ಕಟ್ಟಳೆ ಇತ್ತೇ, ಅದು ಯಾವಾಗ ನಿಂತಿತು? ಪಂಪುಸೆಟ್ಟು ಮತ್ತು ಕೊಳವೆಬಾವಿ ಬಂದ ವರ್ಷ, ಕಟ್ಟ ನಿಂತ ವರ್ಷ, ಗದ್ದೆ ತೋಟವಾದ ವರ್ಷ ಈ ಮೂರನ್ನು ಒಂದರ ಪಕ್ಕದಲ್ಲಿ ಒಂದು ಬರೆದಿಟ್ಟು ನೋಡಿದರೆ ಬೈಲಿನ ಕಳೆದ ಐವತ್ತು ಅರುವತ್ತು ವರ್ಷಗಳ ತಿರುವು ತಾನಾಗಿ ಕಾಣಿಸುತ್ತದೆ.

ಗದ್ದೆಯ ಮೇಲಿನ ಗುಡ್ಡವನ್ನು ಬಿಡಬಾರದು. ದಕ್ಷಿಣ ಕನ್ನಡದ ಕಂದಾಯ ಪದ್ಧತಿಯಲ್ಲಿ ವರ್ಗ ಜಮೀನಿನ (ಕಂದಾಯ ಕಟ್ಟುವ ಪಟ್ಟಾ ಜಮೀನಿನ) ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆಯುವ ಕುಮ್ಕಿ ಹಕ್ಕು ವರ್ಗದಾರರಿಗೆ ಇತ್ತು. ಈ ಹಕ್ಕಿನ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡವರ, ಕಾಡು ಕಡಿದು ಸುಟ್ಟು ಕುಮೇರಿ ಬೇಸಾಯ ಮಾಡಿದವರ ಬದುಕು ಯಾವ ಪಟ್ಟಾದಲ್ಲಿಯೂ ನಮೂದಾಗಿಲ್ಲ.

ದೂರದ ಒಂದು ಉದಾಹರಣೆ

ಜಮೀನಿನಿಂದ ಚರಿತ್ರೆ ಬರೆಯುವ ರೂಢಿ ಬಲವಾಗಿ ಬೆಳೆದಿರುವುದು ಅಮೆರಿಕದ ಮಧ್ಯಪಶ್ಚಿಮದ ಕೃಷಿ ಕೌಂಟಿಗಳಲ್ಲಿ. ಅಯೋವ ರಾಜ್ಯವೊಂದರಲ್ಲೇ 99 ಕೌಂಟಿಗಳಿದ್ದು, ಪ್ರತಿಯೊಂದಕ್ಕೂ ತನ್ನದೇ ಆದ ಚರಿತ್ರೆಯ ಪುಸ್ತಕಗಳಿವೆ. ಅಲ್ಲಿನವರಿಗೆ ಇದು ಸುಲಭವಾದದ್ದಕ್ಕೆ ಕಾರಣಗಳಿವೆ. 1785ರ ಭೂ ಆಜ್ಞೆಯಂತೆ ನೆಲವನ್ನು ಆರು ಮೈಲು ಉದ್ದ, ಆರು ಮೈಲು ಅಗಲದ ಟೌನ್‌ಶಿಪ್‌ಗಳಾಗಿ, ಪ್ರತಿಯೊಂದನ್ನು 640 ಎಕರೆಯ 36 ತುಂಡುಗಳಾಗಿ ಅಳೆದುಬಿಟ್ಟಿದ್ದರು; 16ನೆಯ ತುಂಡು ಶಾಲೆಗೆ ಮೀಸಲು. 1862ರ ಹೋಮ್‌ಸ್ಟೆಡ್ ಕಾಯ್ದೆ ಐದು ವರ್ಷ ನೆಲೆಸಿ ಬೇಸಾಯ ಮಾಡಿದವರಿಗೆ 160 ಎಕರೆ ಕೊಟ್ಟಿತು. 1850ರಿಂದ 1880ರವರೆಗಿನ ಜನಗಣತಿಯ ಜೊತೆಗೆ ನಡೆದ ಕೃಷಿಗಣತಿಯ ಹಾಳೆಗಳಲ್ಲಿ ಒಬ್ಬೊಬ್ಬ ರೈತನ ಎಕರೆ, ದನ, ಧಾನ್ಯಗಳ ಲೆಕ್ಕ ಹೆಸರು ಸಹಿತ ಉಳಿದಿದೆ. ಜನಗಣತಿಯ ಮೂಲ ಹಾಳೆಗಳನ್ನು 72 ವರ್ಷಗಳ ಬಳಿಕ ಸಾರ್ವಜನಿಕರಿಗೆ ತೆರೆಯುವುದು ಅಲ್ಲಿನ ನಿಯಮ; 1950ರ ಹಾಳೆಗಳು 2022ರಲ್ಲಿ ತೆರೆದವು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ಹಾಳೆಗಳನ್ನು ಯಾರೂ ನೋಡುವಂತಿಲ್ಲ. ಹಾಗಾಗಿ ಆ ದಾರಿ ನಮಗೆ ಮುಚ್ಚಿದೆ. 1951ರಿಂದ ಈಚಿನ ಜಿಲ್ಲಾ ಜನಗಣತಿ ಕೈಪಿಡಿಗಳ ಗ್ರಾಮವಾರು ಮೊತ್ತಗಳಷ್ಟೇ ಲಭ್ಯ.

ಆದರೆ ಅವರಿಂದ ಕಲಿಯಬೇಕಾದ ಎಚ್ಚರವೂ ಇದೆ. 1870 ಮತ್ತು 1880ರ ದಶಕಗಳ ಕೌಂಟಿ ಚರಿತ್ರೆಗಳನ್ನು ಪ್ರಕಾಶಕರು ಮುಂಗಡ ಚಂದಾ ಸಂಗ್ರಹಿಸಿ ಅಚ್ಚುಹಾಕುತ್ತಿದ್ದರು, ಹಣ ಕೊಟ್ಟ ಕುಟುಂಬದ ಜೀವನಚರಿತ್ರೆ ಪುಸ್ತಕದಲ್ಲಿ ವಿಸ್ತಾರವಾಗಿ ಬರುತ್ತಿತ್ತು. ಗೇಣಿ ರೈತ, ಕೂಲಿಯಾಳು ಅಲ್ಲಿ ವಿರಳ. ಮೂಲನಿವಾಸಿಗಳಿಗೆ ಮೊದಲ ಅಧ್ಯಾಯದಲ್ಲಿ ಜಾಗ, ಆಮೇಲೆ ಅವರು ಇಲ್ಲವೇ ಇಲ್ಲವೆಂಬಂತೆ ಕಥೆ ಮುಂದುವರಿಯುತ್ತದೆ. ಅಯೋವದ ಟಾಮಾ ಕೌಂಟಿಯಲ್ಲಿ ಮೆಸ್ಕ್ವಾಕಿ ಜನರು 1857ರಲ್ಲಿ ಸ್ವಂತ ಹಣದಿಂದ ನೆಲ ಖರೀದಿಸಿ ಇಂದಿಗೂ ಅಲ್ಲಿಯೇ ಬದುಕುತ್ತಿದ್ದಾರೆ ಎಂಬುದು ಇಂಥ ಬರವಣಿಗೆಯ ಕುರುಡನ್ನು ತೋರಿಸುತ್ತದೆ. ನಮ್ಮ ಸ್ಮರಣ ಸಂಚಿಕೆಗಳೂ ದಾನಿಗಳ ಪಟ್ಟಿಯನ್ನೇ ಊರಿನ ಪಟ್ಟಿಯೆಂದು ಭಾವಿಸಿ ಹೊರಬರುತ್ತಿವೆ. ಪುಸ್ತಕದ ಖರ್ಚನ್ನು ಭರಿಸುವವರು ಪುಸ್ತಕದ ಒಳಗಣ ಪುಟಗಳನ್ನು ನಿರ್ಧರಿಸಬಾರದೆಂದು ಸಮಿತಿಯ ಮೊದಲ ಸಭೆಯಲ್ಲೇ ಠರಾವು ಮಾಡಿಕೊಳ್ಳುವುದು ಮುಂದಿನ ಮನಸ್ತಾಪವನ್ನು ತಪ್ಪಿಸುತ್ತದೆ.

ಕಾಗದ ಎಲ್ಲಿದೆ

ನಮ್ಮ ಊರುಗಳ ಕಾಗದಪತ್ರಗಳನ್ನು ಹುಡುಕುವುದು ಕಷ್ಟವಾಗಿರುವುದಕ್ಕೆ ಕಾರಣ, ಆಡಳಿತದ ಕೇಂದ್ರ ಹಲವು ಸಲ ಬದಲಾದದ್ದು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಮದ್ರಾಸಿನಲ್ಲಿ ಉಳಿದ ದಕ್ಷಿಣ ಕನ್ನಡದ ತೆಂಕಣ ತುದಿ ನಮ್ಮದು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿ ಕೆಲಕಾಲ ಮಲಬಾರ್ ಜಿಲ್ಲೆಯಲ್ಲಿತ್ತು. 1957ರ ಜನವರಿಯಿಂದ ಕಣ್ಣೂರು ಜಿಲ್ಲೆಗೆ ಸೇರಿತು, ಆಗಲೇ ಹೊಸದುರ್ಗ ತಾಲೂಕು ಬೇರೆಯಾಯಿತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು, 2014ರಲ್ಲಿ ಮಂಜೇಶ್ವರ ತಾಲೂಕಾಯಿತು. ಹೀಗಾಗಿ 1956ರ ಹಿಂದಿನ ಕಂದಾಯ ಮಂಡಳಿಯ ನಡವಳಿಗಳಿಗೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರವನ್ನು, ಆ ಕಾಲದ ಜಿಲ್ಲಾಮಟ್ಟದ ಕಡತಗಳ ಜಾಡಿಗೆ ಮಂಗಳೂರನ್ನು, 1957ರಿಂದ 1984ರವರೆಗಿನವುಗಳಿಗೆ ಕಣ್ಣೂರನ್ನು, ಆಮೇಲಿನವುಗಳಿಗೆ ಕಾಸರಗೋಡನ್ನು ವಿಚಾರಿಸಬೇಕು. ಮಲಬಾರಿನ ದಾಖಲೆಗಳಿರುವ ಕೋಯಿಕ್ಕೋಡಿನ ಪ್ರಾದೇಶಿಕ ಪತ್ರಾಗಾರವನ್ನೂ ಒಮ್ಮೆ ನೋಡುವುದೊಳ್ಳೆಯದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಡತ ಇದೆಯೇ, ನಾಶವಾಗಿದೆಯೇ ಎಂದು ಕೇಳುವ ಅರ್ಜಿ ಹಾಕಿದರೆ ಸುಮ್ಮನೆ ಅಲೆಯುವುದು ತಪ್ಪುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶ ನೀಡಿರುವುದರಿಂದ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಆದರೆ ಬೇಗ ಕೆಲಸವಾಗಬೇಕಿದ್ದರೆ ಮಲಯಾಳದ ಪ್ರತಿಯೊಂದನ್ನು ಜೊತೆಗಿಡುವುದು ಜಾಣತನ.

ಹತ್ತಿರದ ಕಚೇರಿಗಳೇ ಹೆಚ್ಚು ಫಲ ಕೊಡುತ್ತವೆ. ನೋಂದಣಿ ಕಚೇರಿಯಲ್ಲಿ ಸ್ಥಿರಾಸ್ತಿಗೆ ಸಂಬಂಧಿಸಿದ ಕ್ರಯ, ಅಡವು, ಗೇಣಿ, ಪಾಲು ಮುಂತಾದ ದಸ್ತಾವೇಜುಗಳು 1ನೆಯ ಪುಸ್ತಕದಲ್ಲಿ ನಕಲಾಗಿರುತ್ತವೆ. 1908ರ ನೋಂದಣಿ ಕಾಯ್ದೆಯಂತೆ ಈ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕೊಟ್ಟು ಯಾರೂ ನೋಡಬಹುದು. ಒಂದು ಸೂಚಿ ವ್ಯಕ್ತಿಗಳ ಹೆಸರಿನ ಪ್ರಕಾರ, ಇನ್ನೊಂದು ಜಾಗದ ಪ್ರಕಾರ. ವೀಲುನಾಮೆಗಳ 3ನೆಯ ಪುಸ್ತಕಕ್ಕೆ ಈ ನಿಯಮವಿಲ್ಲ, ಬರೆದವರು ಗತಿಸಿದ ಬಳಿಕವೇ ಅದರ ನಕಲು ಇತರರಿಗೆ ಸಿಗುತ್ತದೆ. ಗ್ರಾಮ ಕಚೇರಿಯಲ್ಲಿ ತಂಡಪ್ಪೇರ್ (ಹಿಡುವಳಿದಾರರ ಖಾತೆ) ಪುಸ್ತಕ ಮತ್ತು ಮೂಲ ತೆರಿಗೆ ಪುಸ್ತಕಗಳಿವೆ. ಹಳೆಯ ಅಡಂಗಲ್ (ಬೆಳೆಯ ಲೆಕ್ಕದ ಪುಸ್ತಕ) ಅಥವಾ ಸೆಟ್ಲ್‌ಮೆಂಟ್ ಪುಸ್ತಕದ ಪ್ರತಿ ಸಿಕ್ಕರೆ ಅದನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು, ಏಕೆಂದರೆ ಯಾವ ಗದ್ದೆಯಲ್ಲಿ ಯಾವ ಬೆಳೆ ಇತ್ತು ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿಯಿಲ್ಲ.

ಇನ್ನು ಮನೆಗಳ ಕಾಗದದ ಪೆಟ್ಟಿಗೆ. ಮೂಲವರ್ಗದಾರರ ಮನೆಗಳಲ್ಲಿ ಗೇಣಿಚೀಟುಗಳ ಕಟ್ಟುಗಳಿರುತ್ತವೆ. ಮೂಲಗೇಣಿ ಎಂದರೆ ಗೇಣಿ ಗೊತ್ತಾಗಿರುವ, ವಂಶಪಾರಂಪರ್ಯದ ಹಕ್ಕು. ಚಾಲಗೇಣಿ ಎಂದರೆ ಧಣಿ ಬಯಸಿದಾಗ ಬಿಡಿಸಬಹುದಾದದ್ದು. ಯಾವ ಒಕ್ಕಲು ಯಾವ ಗೇಣಿಯಲ್ಲಿದ್ದನೆಂದು ಗುರುತಿಸದೆ 'ಗೇಣಿದಾರರು' ಎಂದಷ್ಟೇ ಬರೆದರೆ ಇಬ್ಬರ ಬದುಕಿನ ಅಂತರ ಅಳಿಸಿಹೋಗುತ್ತದೆ. ಗೇಣಿಯನ್ನು ಮುಡಿ ಅಕ್ಕಿಯ ಲೆಕ್ಕದಲ್ಲಿ ಬರೆಯುತ್ತಿದ್ದರು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ ಎಂಬುದು ಸಾಮಾನ್ಯ ಲೆಕ್ಕವಾದರೂ ಗೇಣಿ ಅಳೆಯುವ ಸೇರು ಮತ್ತು ಕೂಲಿ ಅಳೆಯುವ ಸೇರು ಒಂದೇ ಆಗಿತ್ತೇ ಎಂದು ಕೇಳಲೇಬೇಕು. ಹಣದ ಲೆಕ್ಕದಲ್ಲಿ 1957ರ ಏಪ್ರಿಲಿನವರೆಗೆ ರೂಪಾಯಿಗೆ 16 ಆಣೆ, 192 ಪೈ. ಕಂದಾಯದ ಕಾಗದಗಳಲ್ಲಿ ಇಸವಿಯ ಬದಲು ಫಸಲಿ ವರ್ಷವಿರುತ್ತದೆ: ಅದಕ್ಕೆ 590 ಸೇರಿಸಿದರೆ ಆ ವರ್ಷ ಆರಂಭವಾದ ಇಸವಿ ಸಿಗುತ್ತದೆ, ಅಂದರೆ ಫಸಲಿ 1340 ಎಂದರೆ 1930ರ ಜುಲೈಯಿಂದ 1931ರ ಜೂನ್‌ವರೆಗೆ. ಮಲಯಾಳ ಕಾಗದಗಳ ಕೊಲ್ಲವರ್ಷಕ್ಕೆ ಚಿಂಗ ತಿಂಗಳಿಂದ ಡಿಸೆಂಬರ್ ಕೊನೆಯವರೆಗೆ 824, ಅಲ್ಲಿಂದ ಮುಂದಕ್ಕೆ 825 ಸೇರಿಸಬೇಕು. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ಮರಳುವುದರಿಂದ ಕಾಗದದಲ್ಲಿ ಹೆಸರಿರುವ ಶಾನುಭೋಗ, ಪಟೇಲರ ಕಾಲದಿಂದ ಯಾವ ಸುತ್ತಿನದೆಂದು ತೀರ್ಮಾನಿಸಬೇಕಾಗುತ್ತದೆ.

ಅಚ್ಚಾದ ಆಕರಗಳಲ್ಲಿ ಎರಡನ್ನು ಮೊದಲು ಓದಬೇಕು. ಫ್ರಾನ್ಸಿಸ್ ಬುಕಾನನ್ 1801ರ ಜನವರಿಯಲ್ಲಿ ಮಲಬಾರಿನಿಂದ ಹೊಸದುರ್ಗ, ಬೇಕಲ, ಕುಂಬಳೆ, ಮಂಜೇಶ್ವರ ದಾರಿಯಾಗಿ ಮಂಗಳೂರಿಗೆ ಹೋದಾಗ ಕಂಡ ಬೆಳೆ, ಜನ, ಗೇಣಿಗಳ ವಿವರಗಳು 1807ರಲ್ಲಿ ಪ್ರಕಟವಾದವು. ಸ್ಟರಕ್ ಮತ್ತು ಸ್ಟುವರ್ಟ್ ಸಿದ್ಧಪಡಿಸಿದ ದಕ್ಷಿಣ ಕನ್ನಡದ ಜಿಲ್ಲಾ ಕೈಪಿಡಿಯ ಎರಡು ಸಂಪುಟಗಳು 1894 ಮತ್ತು 1895ರಲ್ಲಿ ಬಂದವು. ಇವರೆಲ್ಲರೂ ಮಾತಾಡಿದ್ದು ಹೆಚ್ಚಾಗಿ ಅಧಿಕಾರಿಗಳು ಮತ್ತು ದೊಡ್ಡ ಹಿಡುವಳಿದಾರರ ಜೊತೆಗೆ ಎಂಬುದನ್ನು ನೆನಪಿಟ್ಟುಕೊಂಡು ಓದಿದರೆ ಸಾಕು. ಬಾಸೆಲ್ ಮಿಶನ್ನಿನ ಹಳೆಯ ಚಿತ್ರಗಳು ಮತ್ತು ನಕ್ಷೆಗಳು ಅಂತರ್ಜಾಲದಲ್ಲಿವೆ. ಅಡಿಕೆಯ ವಿಷಯಕ್ಕೆ 1973ರಲ್ಲಿ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಆರಂಭವಾದ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯ ವಾರ್ಷಿಕ ವರದಿಗಳೂ, 1988ರಿಂದ ಪುತ್ತೂರಿನಿಂದ ಬರುತ್ತಿರುವ ಅಡಿಕೆ ಪತ್ರಿಕೆಯ ಹಳೆಯ ಸಂಚಿಕೆಗಳೂ, ತೆಂಗಿನ ವಿಷಯಕ್ಕೆ 1916ರಲ್ಲಿ ಕಾಸರಗೋಡಿನಲ್ಲಿ ಸ್ಥಾಪನೆಯಾದ, ಇಂದು ಸಿಪಿಸಿಆರ್‌ಐ ಎನಿಸಿರುವ ಸಂಶೋಧನಾ ಕೇಂದ್ರದ ಗ್ರಂಥಾಲಯವೂ ಉಪಯುಕ್ತ. ಊರಿನ ಸಹಕಾರಿ ಸಂಘದ ನಡವಳಿ ಪುಸ್ತಕ ಮತ್ತು ಶಾಲೆಯ ದಾಖಲಾತಿ ಪುಸ್ತಕಗಳನ್ನು ಮರೆಯುವವರೇ ಹೆಚ್ಚು. ಮಗುವಿನ ತಂದೆಯ ಕಸುಬು, ಮನೆಯ ಹೆಸರು, ಶಾಲೆ ಬಿಟ್ಟ ತರಗತಿ ಇವೆಲ್ಲ ದಾಖಲಾತಿ ಪುಸ್ತಕದಲ್ಲಿ ಸಾಲುಸಾಲಾಗಿ ಇರುತ್ತವೆ.

1970ರ ಎರಡು ಬದಿ

ನಮ್ಮ ಕೃಷಿಗ್ರಾಮಗಳ ಚರಿತ್ರೆಯಲ್ಲಿ 1956ಕ್ಕಿಂತ 1970 ದೊಡ್ಡ ವರ್ಷವೆಂದು ನಾನು ತಿಳಿಯುತ್ತೇನೆ, ಗಡಿಯ ಪ್ರಶ್ನೆಯ ಬಗ್ಗೆ ನಮಗಿರುವ ಭಾವನೆಯ ತೀವ್ರತೆಯಿಂದಾಗಿ ಇದನ್ನು ಒಪ್ಪದವರೂ ಇರಬಹುದು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂಬ ಮಹಾಜನ ಆಯೋಗದ 1967ರ ಶಿಫಾರಸಿನ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಗೇಣಿ ಹೋದದ್ದರ ಬಗ್ಗೆ ಊರಿನ ಮಟ್ಟದಲ್ಲಿ ಬರೆದವರು ಕಡಮೆ. ಕೇರಳದ ಕೃಷಿ ಸಂಬಂಧ ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಪಟ್ಟಾದಾರರು ಹೊಸದುರ್ಗ, ಕಾಸರಗೋಡು ತಾಲೂಕುಗಳವರೇ ಆಗಿದ್ದರು. ಮದ್ರಾಸಿನಿಂದ ಬಂದ ರಯತವಾರಿ (ಹಿಡುವಳಿದಾರರೇ ಸರಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ) ಜಮೀನುಗಳ ಮಟ್ಟಿಗೆ ಆ ಕಾಯ್ದೆ ಸಲ್ಲದೆಂದು 1961ರ ಡಿಸೆಂಬರ್ 5ರಂದು ಕೋರ್ಟು ತೀರ್ಪು ಕೊಟ್ಟಿತು. 1964ರಲ್ಲಿ ಸಂವಿಧಾನದ 17ನೆಯ ತಿದ್ದುಪಡಿ ರಯತವಾರಿ ಜಮೀನಿಗೂ ಭೂಸುಧಾರಣೆಯನ್ನು ಅನ್ವಯಿಸುವ ದಾರಿಯನ್ನು ತೆರೆಯಿತು. ಭೂಸುಧಾರಣಾ ಕಾಯ್ದೆಯ 1969ರ ತಿದ್ದುಪಡಿಯ ಮೇರೆಗೆ 1970ರ ಜನವರಿ 1ರಿಂದ ಗೇಣಿ ಜಮೀನಿನಲ್ಲಿ ಧಣಿಗಳಿಗಿದ್ದ ಹಕ್ಕು ಸರಕಾರಕ್ಕೆ ಸೇರಿ, ಲ್ಯಾಂಡ್ ಟ್ರಿಬ್ಯೂನಲ್‌ಗಳ ಮೂಲಕ ಒಕ್ಕಲುಗಳಿಗೆ ಕ್ರಯ ಸರ್ಟಿಫಿಕೇಟುಗಳು ಬಂದವು. ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕುಡಿಕಿಡಪ್ಪುಕಾರರಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್ ಜಾಗದ ಹಕ್ಕು ದೊರೆಯಿತು.

ಈ ಪ್ರಕರಣಗಳ ಕಡತವನ್ನು ಓದಿ ನಿಲ್ಲಿಸಬಾರದು. ಜಾಗ ಕಳೆದುಕೊಂಡ ಮನೆಗೂ ಹೋಗಬೇಕು, ಪಡೆದ ಮನೆಗೂ ಹೋಗಬೇಕು. ಎರಡು ಮನೆಯವರೂ ಇಂದು ಒಂದೇ ದೇವಸ್ಥಾನದ ಸಮಿತಿಯಲ್ಲಿ ಇರುವುದರಿಂದ ಮಾತು ಸುಲಭವಾಗಿ ಹೊರಡುವುದಿಲ್ಲ. 'ಭೂಮಸೂದೆಯಲ್ಲಿ ನಿಮಗೇನಾಯಿತು' ಎಂದು ಕೇಳುವುದಕ್ಕಿಂತ 'ಕೊನೆಯ ಸಲ ಗೇಣಿ ಅಳೆದದ್ದು ಯಾವ ವರ್ಷ, ಆಗ ಮನೆಯಲ್ಲಿ ಯಾರಿದ್ದರು' ಎಂದು ಕೇಳಿದರೆ ಉತ್ತರ ಬರುತ್ತದೆ. ಟ್ರಿಬ್ಯೂನಲಿಗೆ ಅರ್ಜಿಯನ್ನೇ ಹಾಕದ ಒಕ್ಕಲುಗಳನ್ನು ವಿಶೇಷವಾಗಿ ಹುಡುಕಬೇಕು. ಧಣಿಯ ದಾಕ್ಷಿಣ್ಯದಿಂದಲೋ ದೈವದ ಹೆದರಿಕೆಯಿಂದಲೋ ಅರ್ಜಿ ಹಾಕದೆ ಉಳಿದವರ ಸಂಗತಿಗೆ ಯಾವ ಕಡತವೂ ಇರುವುದಿಲ್ಲ.

ಜನರನ್ನು ಕೇಳುವುದು

ವಂಶಾವಳಿ ಬರೆಯುವಾಗ ತಂದೆಯಿಂದ ಮಗನಿಗೆ ಗೆರೆ ಎಳೆಯುವ ಅಭ್ಯಾಸ ನಮ್ಮಲ್ಲಿ ಎಲ್ಲ ಮನೆಗಳಿಗೂ ಹೊಂದುವುದಿಲ್ಲ. ಬಂಟ, ಬಿಲ್ಲವ ಮೊದಲಾದ ಅಳಿಯಸಂತಾನದ ಕುಟುಂಬಗಳಲ್ಲಿಯೂ ಮರುಮಕ್ಕತ್ತಾಯದ ತರವಾಡುಗಳಲ್ಲಿಯೂ ಜಮೀನು ತಾಯಿಯ ಕಡೆಯಿಂದ ನಡೆದು ಬಂದಿರುತ್ತದೆ, ಪಟ್ಟಾದಲ್ಲಿ ಮಾತ್ರ ಯಜಮಾನನಾದ ಸೋದರಮಾವನ ಹೆಸರಿರುತ್ತದೆ. ಅವನ ಮಕ್ಕಳನ್ನು ಹುಡುಕಿ ಹೋದರೆ ಜಮೀನಿನ ಜಾಡು ತಪ್ಪುತ್ತದೆ. ಅವನ ಅಕ್ಕತಂಗಿಯರ ಮಕ್ಕಳನ್ನು ಹುಡುಕಬೇಕು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ನಂತರ ನಡೆದ ಪಾಲುಪತ್ರಗಳಲ್ಲಿ ಕವರುಗಳ (ತಾಯಿಯ ಕಡೆಯ ಕುಟುಂಬ ಶಾಖೆಗಳ) ಪ್ರಕಾರ ಹೆಂಗಸರ, ಮಕ್ಕಳ ಹೆಸರು ಪೂರ್ತಿ ಇರುವುದರಿಂದ ಅವು ವಂಶಾವಳಿಗೆ ಬಹಳ ಒಳ್ಳೆಯ ಆಕರ. ಹವ್ಯಕರಲ್ಲಿ, ಕರಾಡರಲ್ಲಿ ಮನೆಯ ಹೆಸರೇ ಗುರುತಾಗಿದ್ದು, ಪಾಲಾಗಿ ಬೇರೆ ಜಾಗಕ್ಕೆ ಹೋದವರೂ ಮೂಲಮನೆಯ ಹೆಸರನ್ನು ಇಟ್ಟುಕೊಂಡಿರುವುದರಿಂದ ಒಂದೇ ಹೆಸರಿನ ಎರಡು ಮನೆಗಳನ್ನು ಬೆರೆಸದಂತೆ ನೋಡಿಕೊಳ್ಳಬೇಕು. ಯಾರನ್ನೂ ಮೊದಲ ಮಾತಿಗೇ ಜಾತಿ ಕೇಳಬಾರದು. 'ಅಜ್ಜೀ, ನಿಮ್ಮ ತಾಯಿಮನೆ ಎಲ್ಲಿ' ಎಂಬ ಪ್ರಶ್ನೆಯಿಂದ ಊರು, ನಂಟಸ್ತಿಕೆ, ಮದುವೆಯ ದಾರಿ, ಮನೆಮಾತು ಎಲ್ಲವೂ ಬರುತ್ತವೆ.

ಕಾಗದದಲ್ಲಿ ಇಲ್ಲದವರ ಚರಿತ್ರೆಗೆ ದೈವಸ್ಥಾನ ಮುಖ್ಯವಾದ ದಾರಿ. ಕೋಲ ಕಟ್ಟುವವರು ಯಾರು, ಪಾಡ್ದನ (ದೈವದ ಕಥೆಯ ಹಾಡು) ಹೇಳುವವರು ಯಾರು, ದೀಟಿಗೆ ಹಿಡಿಯುವ ಹಕ್ಕು ಯಾವ ಮನೆಗೆ, ದೈವ ಯಾರನ್ನು ಯಾವ ಕ್ರಮದಲ್ಲಿ ಹೆಸರಿಟ್ಟು ಕರೆಯುತ್ತದೆ ಎಂಬುದು ಊರಿನ ಹಳೆಯ ಹಿಡುವಳಿಯ ಪಟ್ಟಿಯೇ ಸರಿ. ಬೀಡು, ಗುತ್ತುಗಳೆಂಬ ದೊಡ್ಡ ಮನೆಗಳ ಮರ್ಯಾದೆಯ ಜೊತೆಗೆ ಕೊರಗ, ಮೊಗೇರ, ನಲಿಕೆಯವರ ಮನೆಗಳ ಕರ್ತವ್ಯಗಳೂ ಅಲ್ಲಿ ಬರುತ್ತವೆ. ನಾಟಿಯ ಕಬಿತಗಳನ್ನು ಹಾಡಬಲ್ಲ ಹೆಂಗಸರು ಈಗಲೂ ಅಲ್ಲಲ್ಲಿ ಇದ್ದಾರೆ. ಹಾಡಿನ ಜೊತೆಗೆ ಆ ಕಾಲದ ಕೂಲಿ, ಮಧ್ಯಾಹ್ನದ ಗಂಜಿ, ಹೆರಿಗೆಯಾದ ಎಷ್ಟನೆಯ ದಿನಕ್ಕೆ ಗದ್ದೆಗೆ ಇಳಿದರು ಎಂಬುದನ್ನೂ ಕೇಳಬೇಕು. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ, ಅದರಲ್ಲಿಯೂ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಹಿರಿಯರು ಮನೆಯಲ್ಲಿ ಸಿಗುತ್ತಾರೆ ಮತ್ತು ಮಾತಿಗೆ ಪುರುಸೊತ್ತಿರುತ್ತದೆ.

ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ, ಕರಾಡ ಮರಾಠಿ, ಬ್ಯಾರಿ ಇಷ್ಟು ಮಾತುಗಳು ಒಂದೇ ಬೈಲಿನಲ್ಲಿ ಇರುವ ನಮ್ಮಲ್ಲಿ ಸಂದರ್ಶನವನ್ನು ಹೇಳುವವರ ಮನೆಮಾತಿನಲ್ಲಿಯೇ ಮಾಡಬೇಕು, ಅಗತ್ಯವಿದ್ದರೆ ಆ ಮಾತು ಬಲ್ಲ ಜೊತೆಗಾರರನ್ನು ಕರೆದೊಯ್ಯಬೇಕು. ಬರೆದಿಡುವಾಗ ಮೂಲಮಾತನ್ನು ಕನ್ನಡ ಲಿಪಿಯಲ್ಲಿ ಇದ್ದ ಹಾಗೆ ಇಟ್ಟು ಕೆಳಗೆ ಕನ್ನಡದ ಅರ್ಥ ಕೊಟ್ಟರೆ ಮುಂದಿನವರು ತಿದ್ದಬಹುದು.

ನೆನಪಿಗೆ ಇಸವಿ ಹಚ್ಚುವುದು ಬೇರೆಯೇ ಕೆಲಸ. ಹಿರಿಯರು ವರ್ಷವನ್ನು ಅಂಕಿಯಲ್ಲಿ ಹೇಳುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದ ಅಕ್ಕಿಯ ರೇಷನ್, ಕೇರಳಕ್ಕೆ ಸೇರಿದ ವರ್ಷ, ಕ್ಯಾಂಪ್ಕೋ ಬರುವುದಕ್ಕೆ ಮೊದಲು ಅಡಿಕೆಯ ಧಾರಣೆ ಬಿದ್ದದ್ದು, ಕಾಸರಗೋಡು ಜಿಲ್ಲೆಯಾದದ್ದು, ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದಲ್ಲಿ ನಿಂತದ್ದು ಇಂತಹ ಗುರುತುಗಳ ಪಟ್ಟಿಯೊಂದನ್ನು ಜೊತೆಗಿಟ್ಟುಕೊಂಡು 'ಅದಕ್ಕೆ ಮೊದಲೋ ಆಮೇಲೋ' ಎಂದು ಕೇಳುತ್ತ ಹೋಗಬೇಕು. ಎಂಡೋಸಲ್ಫಾನಿನಿಂದ ಬಾಧಿತರಾದ ಮನೆಗಳಲ್ಲಿ ಈ ಗುರುತನ್ನು ನಾವಾಗಿ ಎತ್ತಬಾರದು. ಅಲ್ಲಿಗೆ ಬಂದು ಪ್ರಶ್ನೆ ಕೇಳಿ ಹೋದವರು ಈಗಾಗಲೇ ಬಹಳ ಮಂದಿ.

ಬರೆಯುವಾಗ

ಬರವಣಿಗೆಯ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀರು ಮತ್ತು ನೆಲದ ವಿವರಣೆಯಿಂದ ಆರಂಭಿಸಿ, ಹಿಡುವಳಿ, ಬೆಳೆ, ಮನೆಗಳು, ಆರಾಧನೆ, ಶಾಲೆ, ಸಂಘಗಳು ಎಂದು ಸಾಗಿ, ಅರಸರ ಸಂಗತಿಯನ್ನು ಈ ಬೈಲಿಗೆ ಸಂಬಂಧವಿರುವಷ್ಟು ಮಾತ್ರ ಸೇರಿಸಿದರೆ ಸಾಕು. ಕಾಗದದಿಂದ ತಿಳಿದದ್ದು, ಒಬ್ಬರ ಬಾಯಿಂದ ಕೇಳಿದ್ದು, ಹಲವರು ಒಂದೇ ರೀತಿ ಹೇಳಿದ್ದು ಈ ಮೂರನ್ನು ಓದುಗರಿಗೆ ತಿಳಿಯುವಂತೆ ಬೇರೆಬೇರೆಯಾಗಿ ಬರೆಯಬೇಕು. ಕೋರ್ಟಿನಲ್ಲಿ ಈಗ ನಡೆಯುತ್ತಿರುವ ಗಡಿತಕರಾರು, ದಾರಿತಕರಾರುಗಳನ್ನು ಮುಟ್ಟಬಾರದು, ಏಕೆಂದರೆ ನಮ್ಮ ಪುಸ್ತಕದ ಒಂದು ವಾಕ್ಯ ನಾಳೆ ಯಾರದೋ ವಕೀಲರ ಕೈಯಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ. ಬದುಕಿರುವವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಹಾಕಬಾರದು. ಹಿಂದಿನವರು ಬಳಸುತ್ತಿದ್ದ ಹೀನಾಯದ ಕರೆಹೆಸರುಗಳು ಹಳೆಯ ಕಾಗದದ ಉದ್ಧರಣೆಯಲ್ಲಿ ಬಂದರೆ ಆ ಕಾಗದದ ಮಾತೆಂದು ತೋರಿಸಬೇಕೇ ಹೊರತು ನಮ್ಮ ವಾಕ್ಯದಲ್ಲಿ ಬರಬಾರದು.

ಅಚ್ಚಿಗೆ ಕೊಡುವ ಮೊದಲು ಪ್ರತಿಯೊಂದು ಮನೆಯ ಭಾಗವನ್ನು ಆ ಮನೆಯಲ್ಲಿ ಗಟ್ಟಿಯಾಗಿ ಓದಿ ಕೇಳಿಸಬೇಕು; ಓದಲು ಬಾರದ ಹಿರಿಯರಿಂದಲೇ ಮುಖ್ಯವಾದ ತಿದ್ದುಪಡಿಗಳು ಬರುವುದು. ಪುಸ್ತಕದ ಕೊನೆಗೆ ಗದ್ದೆಯ ಹೆಸರು, ಹಳೆಯ ಮತ್ತು ಹೊಸ ಸರ್ವೆ ನಂಬ್ರ, 1970ರ ಹಿಂದಿನ ಒಕ್ಕಲು, ಇಂದಿನ ಬೆಳೆ ಇವುಗಳ ಕೋಷ್ಟಕವೊಂದು ಇರಲಿ, ಯಾರು ಏನೇ ಓದದಿದ್ದರೂ ಅದನ್ನು ಎಲ್ಲರೂ ತೆರೆದು ನೋಡುತ್ತಾರೆ. ಧ್ವನಿಮುದ್ರಣಗಳನ್ನು ಒಬ್ಬರ ಮೊಬೈಲಿನಲ್ಲಿ ಬಿಡದೆ ಎರಡು ಪ್ರತಿ ಮಾಡಿ, ಹೇಳಿದವರ ಹೆಸರು, ದಿನಾಂಕ, ಊರು, ಎಷ್ಟು ಕಾಲದ ಬಳಿಕ ಇತರರು ಕೇಳಬಹುದೆಂಬ ಅವರ ಮಾತು ಇವನ್ನು ಬರೆದ ಚೀಟಿಯೊಂದಿಗೆ ಒಂದನ್ನು ಊರಿನ ಗ್ರಂಥಾಲಯದಲ್ಲಿಯೂ ಇನ್ನೊಂದನ್ನು ಹತ್ತಿರದ ಕಾಲೇಜಿನ ಕನ್ನಡ ವಿಭಾಗದಲ್ಲಿಯೂ ಇಡಬೇಕು.